ಗಾಡಿ ಹೋದ ಮೇಲೆ

ಪುಟ್ಟಿ,

ಮೊನ್ನೆ ರಾತ್ರಿ ನೀನು ದಿವಾನದ ಮೇಲೆ ಕಾಲು ಚಾಚಿಕೊಂಡು ಫೋನಿನಲ್ಲಿ ಸಿನಿಮಾ ನೋಡುತ್ತಿದ್ದೆ. ಹನ್ನೊಂದೂವರೆಗೆ ಕಿವಿಯಿಂದ ಇಯರ್‌ಫೋನ್ ಕಿತ್ತು, "ತಾತ, ನಿಮ್ಮ ಅನ್ನಾ ಕರೆನಿನಾ ಮುಗೀತು. ರೈಲು ಬಂತು, ಸತ್ತಳು. ಇನ್ನು ಆ ದಪ್ಪ ಪುಸ್ತಕ ಓದೋ ಕಷ್ಟ ತಪ್ತು" ಅಂದೆ. ನಾನು ನಕ್ಕು ಸುಮ್ಮನಾದೆ. ಆಮೇಲೆ ಬಹಳ ಹೊತ್ತು ನಿದ್ದೆ ಬರಲಿಲ್ಲ. ನಿನ್ನ ವಯಸ್ಸಿನಲ್ಲಿ ಇದೇ ಮಾತನ್ನು ನಾನೂ ಆಡಿದ್ದೆ. ಅದು ತಪ್ಪು ಅಂತ ಗೊತ್ತಾಗಲು ನನಗೆ ಒಂಬತ್ತು ವರ್ಷ ಹಿಡಿಯಿತು. ಬಾಯಲ್ಲಿ ಹೇಳಲು ಕೂತರೆ "ತಾತನ ರೈಲು ಹೊರಡ್ತು" ಅಂತ ಎದ್ದು ಹೋಗುತ್ತೀಯ. ಅದಕ್ಕೇ ಬರೆದಿಡುತ್ತಿದ್ದೇನೆ. ಹಾಸ್ಟೆಲಿಗೆ ಹೋಗುವಾಗ ಬ್ಯಾಗಿನಲ್ಲಿ ಹಾಕಿಕೋ.

ನಾನು ಮೊದಲು ಆ ಕಾದಂಬರಿ ಓದಿದ್ದು 1974ರಲ್ಲಿ. ಇಪ್ಪತ್ತೆರಡು ವರ್ಷ, ಹೊಸ ಕೆಲಸ, ಅಸಿಸ್ಟೆಂಟ್ ಸ್ಟೇಷನ್ ಮಾಸ್ಟರ್. ಮೀಟರ್ ಗೇಜಿನ ಒಂಟಿ ಹಳಿ, ಒಂದು ಪ್ಲಾಟ್‌ಫಾರ್ಮು, ಒಂದು ಆಲದ ಮರ, ಸೀಮೆಎಣ್ಣೆ ದೀಪ. ರಾತ್ರಿ ಹನ್ನೊಂದರ ಪ್ಯಾಸೆಂಜರ್ ಹೋದರೆ ಮತ್ತೆ ಮೂರೂವರೆಗೆ ಒಂದು ಗೂಡ್ಸ್. ನಡುವೆ ಕಪ್ಪೆಗಳ ಸದ್ದು ಬಿಟ್ಟರೆ ಏನೂ ಇಲ್ಲ. ಡ್ಯೂಟಿಯಲ್ಲಿ ಕಥೆಪುಸ್ತಕ ಓದುವುದು ನಿಯಮಕ್ಕೆ ವಿರುದ್ಧ. ಪಿಂಚಣಿ ತೆಗೆದುಕೊಳ್ಳಲು ಶುರುಮಾಡಿ ಹತ್ತು ವರ್ಷದ ಮೇಲಾಯಿತು, ಈಗ ಒಪ್ಪಿಕೊಂಡರೆ ಯಾರೂ ಚಾರ್ಜ್‌ಶೀಟ್ ಕೊಡಲಾರರು. ಊರಿನ ಲೈಬ್ರರಿಯಲ್ಲಿ ಕಾನ್‌ಸ್ಟನ್ಸ್ ಗಾರ್ನೆಟ್ ಮಾಡಿದ ಇಂಗ್ಲಿಷ್ ಅನುವಾದ ಸಿಕ್ಕಿತ್ತು. ಆ ಅನುವಾದ 1901ರದ್ದು. ಪ್ರತಿಯೂ ಆಗಿನದೇ ಇರಬೇಕು ಅನ್ನಿಸುವ ಹಾಗಿತ್ತು, ಮಡಚಿದರೆ ಪುಟ ಮುರಿಯುತ್ತಿತ್ತು.

ಹೇಗೆ ಓದಿದೆ ಗೊತ್ತೇ? ಎಕ್ಸ್‌ಪ್ರೆಸ್ ಗಾಡಿ ಸಣ್ಣ ಸ್ಟೇಷನ್ನುಗಳನ್ನು ಬಿಟ್ಟು ಓಡುವ ಹಾಗೆ. ಅನ್ನಾ ಇರುವ ಕಡೆ ನಿಲ್ಲುವುದು, ಲೆವಿನ್ ಬಂದರೆ ಹಸಿರು ಬಾವುಟ ತೋರಿಸಿ ಸಾಗಹಾಕುವುದು. ಲೆವಿನ್ ಹಳ್ಳಿಯ ಜಮೀನ್ದಾರ. ಹುಲ್ಲು ಕೊಯ್ಲು, ಆಳುಗಳ ತಕರಾರು, ಕುಲೀನರ ಸಭೆಯ ಚುನಾವಣೆ, ಬಿತ್ತನೆಬೀಜ. ಇದನ್ನೆಲ್ಲ ಕೇಳಲು ನಮ್ಮಪ್ಪ ಸಾಲದೇ ಅನ್ನಿಸುತ್ತಿತ್ತು. ನನಗೆ ಬೇಕಾದವಳು ಅನ್ನಾ. ಪೀಟರ್ಸ್‌ಬರ್ಗಿನ ದೊಡ್ಡ ಅಧಿಕಾರಿಯ ಹೆಂಡತಿ, ಅಣ್ಣನ ಮನೆಯ ಜಗಳ ಬಿಡಿಸಲು ಮಾಸ್ಕೋಗೆ ಬಂದು, ಅಲ್ಲಿನ ರೈಲ್ವೆ ಸ್ಟೇಷನ್ನಿನಲ್ಲೇ, ಮುಂದೆ ಪ್ರಿಯಕರನಾಗುವ ವ್ರೋನ್ಸ್ಕಿಯ ಕಣ್ಣಿಗೆ ಬಿದ್ದವಳು. ಗಂಡನನ್ನು ಬಿಟ್ಟಳು, ಮಗನನ್ನು ಕಳೆದುಕೊಂಡಳು. ಊರಿನ ಬಾಗಿಲುಗಳು ಅವಳಿಗೆ ಮುಚ್ಚಿದವು, ವ್ರೋನ್ಸ್ಕಿಗೆ ಮಾತ್ರ ತೆರೆದೇ ಇದ್ದವು. ಕೊನೆಗೆ ಒಂದು ಸಣ್ಣ ಸ್ಟೇಷನ್ನು, ಒಂದು ಗೂಡ್ಸ್ ಗಾಡಿ. ಆ ಪುಟಗಳನ್ನು ಮೂರು ರಾತ್ರಿ ಮತ್ತೆ ಮತ್ತೆ ಓದಿದೆ. ನನಗೆ ಅದು ಸೊಗಸಾಗಿ ಕಂಡಿತು. ಈ ಪದ ಬರೆಯುವಾಗ ಈಗ ಕೈ ಹಿಂಜರಿಯುತ್ತದೆ, ಆದರೆ ಸುಳ್ಳು ಹೇಳಬಾರದಲ್ಲ. ಪ್ರೀತಿಗಾಗಿ ಪ್ರಾಣ ಕೊಟ್ಟ ಮಹಾತಾಯಿ ಅಂತ ಡೈರಿಯಲ್ಲಿ ಬರೆದುಕೊಂಡೆ.

ಪುಸ್ತಕ ಅಲ್ಲಿಗೆ ಮುಗಿದಿರಲಿಲ್ಲ. ಒಟ್ಟು ಎಂಟು ಭಾಗ, 239 ಅಧ್ಯಾಯ. ಗಾಡಿ ಬರುವುದು ಏಳನೇ ಭಾಗದ ಕೊನೆಯಲ್ಲಿ. ಆಮೇಲೆ ಇನ್ನೂ 19 ಅಧ್ಯಾಯ ಇವೆ. ತೆರೆದು ನೋಡಿದೆ: ಎರಡು ತಿಂಗಳು ಕಳೆದಿದೆ, ಲೆವಿನ್‌ನ ಅಣ್ಣ ವರ್ಷಗಟ್ಟಲೆ ಕೂತು ಬರೆದ ಪುಸ್ತಕವನ್ನು ಯಾರೂ ಕೇಳುವವರಿಲ್ಲ, ಸೆರ್ಬಿಯಾದ ಯುದ್ಧಕ್ಕೆ ಹೋಗುವ ಜನರ ಗದ್ದಲ. ಅವಳಿಲ್ಲದ ಮೇಲೆ ಇದೆಲ್ಲ ಯಾರಿಗೆ ಬೇಕು? ಮುಚ್ಚಿ ವಾಪಸು ಕೊಟ್ಟುಬಿಟ್ಟೆ.

ಇದು ನನ್ನೊಬ್ಬನ ದಡ್ಡತನ ಅಂದುಕೊಳ್ಳಬೇಡ. ಈ ಕಾದಂಬರಿ 1875ರಿಂದ 1877ರವರೆಗೆ 'ರೂಸ್ಕಿ ವೆಸ್ತ್ನಿಕ್' ಅನ್ನುವ ಪತ್ರಿಕೆಯಲ್ಲಿ ಕಂತು ಕಂತಾಗಿ ಬಂತು. ಸಂಪಾದಕನ ಹೆಸರು ಕಾತ್ಕೋವ್. ತುರ್ಕರ ವಿರುದ್ಧ ಸೆರ್ಬಿಯಾದವರ ಪರ ನಿಲ್ಲಬೇಕು ಅಂತ ಆಗ ರಷ್ಯದ ಪತ್ರಿಕೆಗಳಲ್ಲಿ ಒಂದೇ ಆವೇಶ. ಆ ಆವೇಶವನ್ನು ಅನುಮಾನದಿಂದ ನೋಡುವ ಮಾತುಗಳು ಎಂಟನೇ ಭಾಗದಲ್ಲಿವೆ. ಕಾತ್ಕೋವ್ ಅದನ್ನು ಅಚ್ಚು ಹಾಕಲಾರೆ ಅಂದ. ಸುಮ್ಮನಿರದೆ, ನಾಯಕಿ ಸತ್ತ ಮೇಲೆ ಕಾದಂಬರಿ ಮುಗಿದ ಹಾಗೆಯೇ ಅನ್ನುವ ಅರ್ಥದ ಟಿಪ್ಪಣಿ ಹಾಕಿ, ಉಳಿದದ್ದನ್ನು ನಾಲ್ಕು ಸಾಲಿನಲ್ಲಿ ಹೇಳಿ ಕೈತೊಳೆದುಕೊಂಡ. ಕಾದಂಬರಿ ಬರೆದ ಟಾಲ್‌ಸ್ಟಾಯ್ ಸಿಟ್ಟಾಗಿ ಆ ಭಾಗವನ್ನು ತಾನೇ ಬೇರೆ ಪುಸ್ತಕ ಮಾಡಿಸಿದ. ನೋಡು, ಅಂಥ ಸಂಪಾದಕನಿಗೂ ಗಾಡಿ ಹೋದ ಮೇಲೆ ಪ್ಲಾಟ್‌ಫಾರ್ಮಿನಲ್ಲಿ ಏನೂ ಕಾಣಲಿಲ್ಲ.

1983ರ ವಿಷಯ ನಿನ್ನ ಅಮ್ಮನಿಗೂ ಹೇಳಿಲ್ಲ. ಆಗ ನಾನು ಬೇರೆ ಸ್ಟೇಷನ್ನಿನಲ್ಲಿದ್ದೆ, ಅವಳಿಗೆ ಮೂರು ವರ್ಷ. ಒಂದು ಬೆಳಗಿನ ಜಾವ ಗೂಡ್ಸ್ ಗಾಡಿ ಒಳಗೆ ಬಂದು, ನಿಲ್ಲಬಾರದ ಜಾಗದಲ್ಲಿ ನಿಂತಿತು. ಡ್ರೈವರ್ ಇಳಿದು ಬಂದು ನನ್ನ ಮೇಜಿನ ಮುಂದೆ ಏನೂ ಹೇಳದೆ ನಿಂತ. ಇಂಥದ್ದಕ್ಕೆ ಇಲಾಖೆಯಲ್ಲಿ ಒಂದು ಕ್ರಮ ಇದೆ. ಪೊಲೀಸರಿಗೆ ಮೆಮೊ ಕೊಡಬೇಕು: ಯಾವ ಗಾಡಿ, ಎಷ್ಟನೇ ಕಿಲೋಮೀಟರು, ಎಷ್ಟು ಗಂಟೆ. ಬರೆದೆ. ಮಿಕ್ಕದ್ದನ್ನು ಬರೆಯುವುದಿಲ್ಲ, ನಿನಗೆ ಅದು ಬೇಡ. ಒಂದು ಮಾತ್ರ ಹೇಳುತ್ತೇನೆ. ಆ ಹೆಂಗಸು ಪ್ಲಾಟ್‌ಫಾರ್ಮಿನ ಕೊನೆಯಲ್ಲಿ ಒಂದು ವೈರ್ ಬ್ಯಾಗು ಇಟ್ಟಿದ್ದಳು. ಪೊಲೀಸರು ಬರುವವರೆಗೆ ಅದು ನನ್ನ ಕೋಣೆಯಲ್ಲಿತ್ತು. ಪಂಚನಾಮೆಯಲ್ಲಿ ಬರೆಸಿದರು: ಅರ್ಧ ಕಿಲೋ ಸಕ್ಕರೆ, ನೂರು ಗ್ರಾಂ ಕಾಫಿಪುಡಿ.

ಹಿಂದಿನ ದಿನ ಸಂಜೆ ಅಂಗಡಿಯಲ್ಲಿ ನಿಂತು ಕಾಫಿಪುಡಿ ಕಟ್ಟಿಸಿಕೊಂಡವಳು.

ಅಷ್ಟು ಹೊತ್ತಿಗೆ ನನ್ನ ಬಳಿ ಸ್ವಂತ ಪ್ರತಿ ಇತ್ತು. ಮಾಸ್ಕೋದಲ್ಲಿ ಅಚ್ಚಾದ ಇಂಗ್ಲಿಷ್ ಪುಸ್ತಕಗಳು ಆಗ ಬೆಂಗಳೂರಿನಲ್ಲಿ ಕಡಲೆಪುರಿ ಬೆಲೆಗೆ ಸಿಗುತ್ತಿದ್ದವು, ನವಕರ್ನಾಟಕದವರು ತರಿಸುತ್ತಿದ್ದರು. ಗಟ್ಟಿ ರಟ್ಟು, ಒಳ್ಳೆಯ ಕಾಗದ, ಅದಕ್ಕೊಂದು ವಿಚಿತ್ರ ವಾಸನೆ. ಅದು ಈಗಲೂ ಹೋಗಿಲ್ಲ, ಮೂಸಿ ನೋಡು. ಅವತ್ತು ಮಧ್ಯಾಹ್ನ ಮನೆಗೆ ಬಂದು, ಸ್ನಾನ ಮಾಡಿ, ಊಟ ಸೇರದೆ, ಏಳನೇ ಭಾಗದ ಕೊನೆಯ ಅಧ್ಯಾಯ ತೆಗೆದೆ. ಯಾಕೆ ತೆಗೆದೆನೋ ತಿಳಿಯದು.

ಅನ್ನಾಳ ಕೈಯಲ್ಲಿ ಒಂದು ಕೆಂಪು ಚೀಲ ಇದೆ. ಅದನ್ನು ತೋಳಿನಿಂದ ತೆಗೆಯುವಾಗ ತಡವಾಗುತ್ತದೆ. ಶಿಲುಬೆಯ ಗುರುತು ಮಾಡಿಕೊಳ್ಳುತ್ತಾಳೆ, ಆ ಅಭ್ಯಾಸದ ಬೆನ್ನಿಗೇ ಬಾಲ್ಯದ ನೆನಪುಗಳೆಲ್ಲ ಬರುತ್ತವೆ, ಒಂದು ಕ್ಷಣ ಬದುಕು ಮೊದಲಿನ ಹಾಗೆ ಬೆಳಗುತ್ತದೆ. ಮತ್ತೆ, ತೀರ ಕೊನೆಯ ಗಳಿಗೆಯಲ್ಲಿ, ತಾನು ಮಾಡುತ್ತಿರುವುದನ್ನು ಕಂಡು ಅವಳೇ ಬೆಚ್ಚಿ ಬೀಳುತ್ತಾಳೆ. ಎಲ್ಲಿದ್ದೇನೆ, ಯಾಕೆ ಹೀಗೆ ಅಂದುಕೊಳ್ಳುತ್ತಾಳೆ. ಎದ್ದು ಹಿಂದಕ್ಕೆ ಬರಬೇಕು ಅನ್ನಿಸುತ್ತದೆ ಅವಳಿಗೆ. ಆಗುವುದಿಲ್ಲ.

ಎದ್ದು ಬರಬೇಕು ಅನ್ನಿಸುತ್ತದೆ. ಟಾಲ್‌ಸ್ಟಾಯ್ ಮುಚ್ಚುಮರೆ ಇಲ್ಲದೆ ಬರೆದಿದ್ದಾನೆ. 1974ರಲ್ಲೂ ಅದು ಅಲ್ಲೇ ಇತ್ತು, ಗಾರ್ನೆಟ್‌ಳ ಇಂಗ್ಲಿಷಿನಲ್ಲೂ ಇತ್ತು. ಮೂರು ರಾತ್ರಿ ಮತ್ತೆ ಮತ್ತೆ ಓದಿದವನ ಕಣ್ಣಿಗೆ ಬಿದ್ದಿರಲಿಲ್ಲ. ದೊಡ್ಡ ಪುಸ್ತಕ ನಮ್ಮ ಜೊತೆ ಬೆಳೆಯುತ್ತದೆ, ಓದಿದಾಗಲೆಲ್ಲ ಹೊಸದಾಗುತ್ತದೆ ಅಂತ ಸಭೆಗಳಲ್ಲಿ ಹೇಳುತ್ತಾರಲ್ಲ, ನನಗೆ ಆ ಮಾತು ಕೇಳಿದರೆ ಮೈ ಉರಿಯುತ್ತದೆ. ಪುಸ್ತಕ ಎಲ್ಲಿ ಬೆಳೆಯುತ್ತದೆ? ಅಚ್ಚಾದದ್ದು ಅಚ್ಚಾದ ಹಾಗೇ ಇರುತ್ತದೆ. ಮೊದಲ ಸಲ ನಾನು ಅದರ ಮೇಲೆ ನನ್ನದೊಂದು ಕಥೆ ಬರೆದುಕೊಂಡು, ಅದನ್ನೇ ಓದಿ ಅತ್ತಿದ್ದೆ. ಆಮೇಲಿನ ಓದುಗಳೆಲ್ಲ ನನ್ನ ಆ ಕಥೆಯನ್ನು ಒಂದೊಂದೇ ಸಾಲು ಅಳಿಸುವ ಕೆಲಸ.

ಆಮೇಲೆ ತಿಳಿದದ್ದು ಇನ್ನೊಂದು. ಟಾಲ್‌ಸ್ಟಾಯ್ ಇದನ್ನು ಕೂತಲ್ಲೇ ಕಲ್ಪಿಸಿಕೊಂಡವನಲ್ಲ. ಅವನ ಊರು ಯಾಸ್ನಾಯಾ ಪೊಲ್ಯಾನಾದ ಹತ್ತಿರ ಯಾಸೆಂಕಿ ಅಂತ ಸ್ಟೇಷನ್ನು. ಪಕ್ಕದ ಜಮೀನ್ದಾರನ ಮನೆಯಲ್ಲಿ ಅವನ ಸಂಗಾತಿಯಾಗಿದ್ದ ಹೆಂಗಸು, ಹೆಸರು ಅನ್ನಾ ಪಿರೊಗೋವಾ, 1872ರ ಜನವರಿಯಲ್ಲಿ ಅಲ್ಲಿ ಹೀಗೇ ಸತ್ತಳು. ಮರಣೋತ್ತರ ಪರೀಕ್ಷೆಯ ಹೊತ್ತಿಗೆ ಟಾಲ್‌ಸ್ಟಾಯ್ ಹೋಗಿ ನೋಡಿ ಬಂದ. ಮರುವರ್ಷ ಮಾರ್ಚಿನಲ್ಲಿ ಬರೆಯಲು ಶುರುಮಾಡಿದ. ಅದು ನೋಡಿದವನ ಬರವಣಿಗೆ ಅಂತ ಗೊತ್ತಾಗಲು ನಾನೂ ನೋಡಬೇಕಾಯಿತು. ನಿನಗೆ ಆ ಗತಿ ಬೇಡ ಪುಟ್ಟಿ. ಬರೆದವನ ಮಾತು ನಂಬು.

ಆ ವಾರವೇ ಎಂಟನೇ ಭಾಗ ಓದಿದೆ, ಮೊದಲ ಸಲ.

ಅಲ್ಲಿ ವ್ರೋನ್ಸ್ಕಿ ಸಾಯಲೆಂದೇ ಯುದ್ಧಕ್ಕೆ ಹೊರಟಿದ್ದಾನೆ. ಸ್ಟೇಷನ್ನಿನಲ್ಲಿ ನಿಂತಿದ್ದಾನೆ, ಮುಖ ಕಪ್ಪಿಟ್ಟಿದೆ, ಮತ್ತು ಹಲ್ಲುನೋವು! ಮಾತಾಡಲು ಬಾಯಿ ಬಿಡುವುದೇ ಕಷ್ಟ. ದುರಂತ ನಾಯಕನಿಗೆ ಹಲ್ಲುನೋವು ಕೊಡುವ ಧೈರ್ಯ ಇನ್ಯಾರಿಗಿದೆ ಹೇಳು. ಅನ್ನಾಳ ಅಣ್ಣ ಸ್ತೀವಾ, ತಂಗಿಯ ದೇಹದ ಮೇಲೆ ಬಿದ್ದು ಅತ್ತವನು, ಈಗ ಅದೇ ಪ್ಲಾಟ್‌ಫಾರ್ಮಿನಲ್ಲಿ ವ್ರೋನ್ಸ್ಕಿ ಇದ್ದಾನೆಂದು ಕೇಳಿ ಅರೆಗಳಿಗೆ ಮುಖ ಬಾಡಿಸಿಕೊಂಡು, ಮರುಗಳಿಗೆಗೆ ಮೀಸೆ ನೀವಿಕೊಂಡು ಹಳೆಯ ಗೆಳೆಯನನ್ನು ನೋಡಲು ಹೋಗುತ್ತಾನೆ. ಕೆಟ್ಟವನಲ್ಲ ಅವನು. ಎಲ್ಲರೂ ಇಷ್ಟಪಡುವ ಮನುಷ್ಯ. ತಮ್ಮನ್ನು ನೆನಪಿಟ್ಟುಕೊಳ್ಳುತ್ತಾರೆ ಅಂತ ಸತ್ತವರು ಯಾರನ್ನು ನಂಬಿದ್ದರೋ ಅವರು ಎಷ್ಟು ಬೇಗ ಕಾಫಿಗೆ ಕೂರುತ್ತಾರೆ ಅನ್ನುವುದನ್ನು ಪ್ಲಾಟ್‌ಫಾರ್ಮಿನಲ್ಲಿ ಮೂವತ್ತೆಂಟು ವರ್ಷ ನಿಂತವನು ನಾನು, ನನಗೆ ಗೊತ್ತು.

ಇನ್ನು ಲೆವಿನ್. ನಾನು ಹಸಿರು ಬಾವುಟ ತೋರಿಸಿ ಕಳಿಸಿದ್ದ ಲೆವಿನ್. ಇಷ್ಟಪಟ್ಟ ಹುಡುಗಿ ಕಿಟ್ಟಿಯನ್ನೇ ಮದುವೆಯಾಗಿದ್ದಾನೆ, ಗಂಡು ಮಗು ಹುಟ್ಟಿದೆ, ಹೊಲ ಇದೆ, ಹೊಸದಾಗಿ ಜೇನು ಸಾಕುವ ಹುಚ್ಚು ಹತ್ತಿದೆ. ಅಂಥವನು ಮನೆಯಲ್ಲಿ ಹಗ್ಗ ಕಂಡರೆ ಬಚ್ಚಿಡುತ್ತಾನೆ. ಬಂದೂಕು ಹಿಡಿದು ಹೊರಗೆ ಹೋಗಲು ಹೆದರುತ್ತಾನೆ. ಯಾಕೆ ಬದುಕಬೇಕು ಅನ್ನುವುದಕ್ಕೆ ಉತ್ತರ ಸಿಗದೆ. ಇದು ಟಾಲ್‌ಸ್ಟಾಯ್‌ನದೇ ಪಾಡು. ಮುಂದೆ ತನ್ನ ತಪ್ಪೊಪ್ಪಿಗೆಯ ಪುಸ್ತಕದಲ್ಲಿ ಅದನ್ನು ಬಿಚ್ಚಿ ಬರೆದಿದ್ದಾನೆ. 1974ರಲ್ಲಿ ನಾನು ನೀರಸ ಅಂತ ಮುಚ್ಚಿಟ್ಟ ಪುಟಗಳಲ್ಲಿ ಇದು ಇತ್ತು. ಅನ್ನಾಳಿಗೆ ಬಂದ ಯೋಚನೆಯೇ ಇವನಿಗೂ ಬಂದಿದೆ, ಇವನು ದಿನ ದೂಡುತ್ತಿದ್ದಾನೆ. ಹೇಗೆ ಅಂತ ನೋಡಬೇಡವೇ ನಾವು?

ಉತ್ತರಕ್ಕಾಗಿ ಅವನು ಪ್ಲೇಟೋ, ಕಾಂಟ್, ಶೋಪನ್‌ಹಾವರ್ ಎಲ್ಲ ಓದುತ್ತಾನೆ. ಪ್ರಯೋಜನವಿಲ್ಲ. ತೆನೆ ಬಡಿಯುವ ಕಣದಲ್ಲಿ ಫ್ಯೋದೋರ್ ಅನ್ನುವ ಆಳು, ಊರಿನ ಇನ್ನೊಬ್ಬ ಮುದುಕನ ಬಗ್ಗೆ, ಅವನು ಹೊಟ್ಟೆಗಾಗಿ ಬದುಕುವವನಲ್ಲ ಅನ್ನುವ ಅರ್ಥದ ಮಾತೊಂದನ್ನು ಆಡುತ್ತಾನೆ. ಅಷ್ಟಕ್ಕೇ ಲೆವಿನ್‌ಗೆ ದಾರಿ ಕಂಡಂತಾಗುತ್ತದೆ. ಇನ್ನು ನಾನು ಯಾರೊಂದಿಗೂ ಜಗಳವಾಡುವುದಿಲ್ಲ, ಎಲ್ಲವೂ ಬೇರೆಯಾಗುತ್ತದೆ ಅಂತ ಹಿಗ್ಗಿಕೊಂಡು ಗಾಡಿ ಏರುತ್ತಾನೆ. ಗಾಡಿ ಹೊಡೆಯುವವನು ಲಗಾಮಿಗೆ ಕೈಹಾಕಿದನೋ ಇಲ್ಲವೋ, ಹಳೆಯ ಹಾಗೇ ರೇಗುತ್ತಾನೆ. ನಮ್ಮ ಹರಿಕಥೆಗಳಲ್ಲಿ ಜ್ಞಾನ ಬಂದವರಿಗೆ ಕೋಪ ಹೋಗಿಬಿಡುತ್ತದೆ. ಇಲ್ಲಿ ಹೋಗುವುದಿಲ್ಲ. ಅದಕ್ಕೇ ನನಗೆ ನಂಬಿಕೆ ಬಂತು.

ಕೊನೆಯ ಪುಟ ಕೇಳು. ರಾತ್ರಿ, ಮನೆಯೊಳಗೆ ನೆಂಟರು, ಲೆವಿನ್ ಹೊರಗೆ ಕಟ್ಟೆಯ ಮೇಲೆ ನಿಂತು ನಕ್ಷತ್ರ ನೋಡುತ್ತಾ ದೇವರು, ಧರ್ಮ, ಲೋಕ ಅಂತ ಯೋಚಿಸುತ್ತಿದ್ದಾನೆ. ದೂರದಲ್ಲಿ ಮಿಂಚು. ಕಿಟ್ಟಿ ಬರುತ್ತಾಳೆ. ಮಿಂಚಿನ ಬೆಳಕಿನಲ್ಲಿ ಅವನ ಮುಖ ನೋಡುತ್ತಾಳೆ. ಇವಳಿಗೆ ಎಲ್ಲ ಅರ್ಥವಾಗಿದೆ, ಹೇಳಿಬಿಡಲೇ ಅಂತ ಅವನು ಬಾಯಿ ತೆರೆಯಬೇಕು, ಅಷ್ಟರಲ್ಲಿ ಅವಳು ಒಂದು ಕೆಲಸ ಹೇಳುತ್ತಾಳೆ: ಅಣ್ಣನ ಕೋಣೆಯಲ್ಲಿ ಹೊಸ ವಾಷ್‌ಸ್ಟ್ಯಾಂಡ್ ಇಟ್ಟಿದ್ದಾರೋ ಇಲ್ಲವೋ ನೋಡಿ ಬರಬೇಕಂತೆ. ಅವಳೇ ಹೋಗುವುದು ಸರಿಯಾಗುವುದಿಲ್ಲವಂತೆ. ಇವನು ಆಗಲಿ ಅನ್ನುತ್ತಾನೆ. ಹೇಳಬೇಕೆಂದಿದ್ದ ಮಾತನ್ನು ಹೇಳುವುದಿಲ್ಲ.

ಮೊದಲ ಸಲ ಇದನ್ನು ಓದಿದಾಗ ನಗು ಬಂತು. ಆಮೇಲೆ ವೈರ್ ಬ್ಯಾಗು ನೆನಪಾಯಿತು.

ನಿನಗೆ ಓದುವಾಗ ಬರುವ ತೊಡಕುಗಳನ್ನೂ ಹೇಳಿಬಿಡುತ್ತೇನೆ. ಹೆಸರುಗಳು ಮೊದಲನೆಯದು. ಸ್ತೆಪಾನ್ ಅರ್ಕಾದ್ಯೆವಿಚ್, ಒಬ್ಲೋನ್ಸ್ಕಿ, ಸ್ತೀವಾ, ಮೂವರೂ ಒಬ್ಬನೇ. ದಾರ್ಯಾ ಅಲೆಕ್ಸಾಂದ್ರೊವ್ನಾ ಅಂದರೆ ಡಾಲಿ, ಅವನ ಹೆಂಡತಿ. ಮನೆಯಲ್ಲಿ ನಿನ್ನನ್ನು ಪುಟ್ಟಿ ಅನ್ನುತ್ತೇವೆ, ಮಾರ್ಕ್ಸ್‌ಕಾರ್ಡಿನಲ್ಲಿ ಇನ್ನೊಂದು ಇದೆ, ಹಾಗೆ. 'ಮಲೆಗಳಲ್ಲಿ ಮದುಮಗಳು' ಓದಿ ಗುತ್ತಿಯೂ ಐತನೂ ಬೇರೆ ಬೇರೆ ಅಂತ ನೆನಪಿಟ್ಟವಳಿಗೆ ಇದು ಯಾವ ಲೆಕ್ಕ? ಬೆನ್ನುಪುಟದಲ್ಲಿ ಪೆನ್ಸಿಲಿನಲ್ಲಿ ಬರೆದುಕೋ. ಬರೆಯುವಾಗ ಒಂದು ಗಮನಿಸು: ಗಂಡನ ಹೆಸರು ಅಲೆಕ್ಸೇ, ಪ್ರಿಯಕರನ ಹೆಸರೂ ಅಲೆಕ್ಸೇ. ಜ್ವರದಲ್ಲಿ ಅನ್ನಾ ಅದನ್ನೇ ಕನವರಿಸುತ್ತಾಳೆ.

ಎರಡನೆಯದು, "ಡೈವೋರ್ಸ್ ತಗೊಂಡು ಹೋಗಬಹುದಿತ್ತಲ್ಲ" ಅಂತ ನೀನು ಸಿನಿಮಾ ಮಧ್ಯೆ ಕೇಳಿದ್ದು. ಆಗಿನ ರಷ್ಯದಲ್ಲಿ ವಿಚ್ಛೇದನ ಚರ್ಚಿನ ಕೈಯಲ್ಲಿತ್ತು. ವ್ಯಭಿಚಾರಕ್ಕೆ ಕಣ್ಣಾರೆ ಕಂಡ ಸಾಕ್ಷಿ ಬೇಕು, ಮತ್ತು ತಪ್ಪಿತಸ್ಥರು ಅಂತ ತೀರ್ಮಾನವಾದವ‌ರು ಮತ್ತೆ ಮದುವೆಯಾಗುವಂತಿಲ್ಲ. ಅಂದರೆ ಅನ್ನಾ ವ್ರೋನ್ಸ್ಕಿಯನ್ನು ಮದುವೆಯಾಗಬೇಕಾದರೆ, ಏನೂ ಮಾಡದ ಗಂಡ ಕರೆನಿನ್ ತಾನೇ ತಪ್ಪು ಮಾಡಿದೆ ಅಂತ ಸುಳ್ಳು ಒಪ್ಪಿಕೊಳ್ಳಬೇಕು. ಅವನು ಒಂದು ಹಂತದಲ್ಲಿ ಅದಕ್ಕೂ ಸಿದ್ಧನಾಗುತ್ತಾನೆ. ಆಗ ಅವಳು ಬೇಡ ಅನ್ನುತ್ತಾಳೆ. ಅವಳಿಗೆ ಬೇಕಾದಾಗ ಅವನು ಒಲ್ಲೆ ಅನ್ನುತ್ತಾನೆ. ಅಷ್ಟರಲ್ಲಿ ವ್ರೋನ್ಸ್ಕಿಗೆ ಹುಟ್ಟಿದ ಮಗಳು ಕಾನೂನಿನ ಪ್ರಕಾರ ಕರೆನಿನ್ ಮಗಳು. ಕರೆನಿನ್ ವಕೀಲನನ್ನು ನೋಡಲು ಹೋಗುವ ಅಧ್ಯಾಯ ಬಿಡಬೇಡ. ವಕೀಲ ಮಾತಿನ ಮಧ್ಯೆ ಗಾಳಿಯಲ್ಲಿ ಹಾರುವ ನುಸಿಚಿಟ್ಟೆಗಳನ್ನು ಕೈಯಲ್ಲಿ ಹಿಡಿಯುತ್ತಿರುತ್ತಾನೆ. ಒಂದು ಸಂಸಾರ ಮುರಿಯುವ ಸುದ್ದಿ ಕೇಳುತ್ತಾ, ಬರುವ ಚಳಿಗಾಲಕ್ಕೆ ಕುರ್ಚಿಗಳಿಗೆ ಮಖಮಲ್ ಹೊದಿಸಬೇಕು ಅಂತ ತೀರ್ಮಾನಿಸುತ್ತಾನೆ. ಕೋರ್ಟು ಕಚೇರಿ ಅಲೆದವರಿಗೆ ಆ ಪುಟ ನಗು ತರಿಸುತ್ತದೆ, ಆಮೇಲೆ ಹೊಟ್ಟೆ ತೊಳಸುತ್ತದೆ.

ಮತ್ತೆ ರೈಲು. ರೈಲು ಕೊನೆಗೆ ಮಾತ್ರ ಬರುತ್ತದೆ ಅಂದುಕೊಂಡಿದ್ದೀಯ. ಮೊದಲ ಭಾಗದಲ್ಲೇ, ಸ್ತೀವಾನ ಮಕ್ಕಳು ಒಂದು ಪೆಟ್ಟಿಗೆಯನ್ನು ರೈಲು ಮಾಡಿಕೊಂಡು ಎಳೆಯುತ್ತಿರುತ್ತಾರೆ, ಮೇಲೆ ಕೂರಿಸಿದ ಪ್ರಯಾಣಿಕರು ಬೀಳುತ್ತಾರೆ, ಹುಡುಗಿ ತಮ್ಮನನ್ನು ಗದರುತ್ತಾಳೆ. ಅನ್ನಾ ಬಂದಿಳಿದ ದಿನವೇ ಚಳಿಗೆ ಮುಸುಕು ಹೊದ್ದಿದ್ದ ಒಬ್ಬ ಕಾವಲುಗಾರ ಗಾಡಿ ಹಿಂದಕ್ಕೆ ಬರುವ ಸದ್ದು ಕೇಳದೆ ಸಾಯುತ್ತಾನೆ; ಅವನ ಹೆಂಡತಿಗೆ ವ್ರೋನ್ಸ್ಕಿ 200 ರೂಬಲ್ ಕೊಡುತ್ತಾನೆ, ಅನ್ನಾಳ ಕಿವಿಗೆ ಬೀಳಲಿ ಅಂತಲೂ ಇರಬಹುದು. ಏಳನೇ ಭಾಗದಲ್ಲಿ, ಅವಳು ಬಿಟ್ಟುಬಂದ ಮಗ ಸೆರ್ಯೋಝಾ ಶಾಲೆಯಲ್ಲಿ ಆಡುವ ರೈಲಾಟದ ಬಗ್ಗೆ ಸೋದರಮಾವನಿಗೆ ಹೇಳುತ್ತಾನೆ: ಬೆಂಚಿನ ಮೇಲೆ ಇಬ್ಬರು ಕೂರುವುದು, ಒಬ್ಬ ನಿಲ್ಲುವುದು, ಮಿಕ್ಕವರು ಎಳೆದುಕೊಂಡು ಕೋಣೆ ಕೋಣೆ ಓಡುವುದು. ಅಮ್ಮನ ನೆನಪನ್ನು ಒಳಗೇ ಅದುಮಿಟ್ಟುಕೊಂಡ ಹುಡುಗ ಅದು. ಕೆಲವೇ ಅಧ್ಯಾಯ ಕಳೆದರೆ ಅಮ್ಮ ಸ್ಟೇಷನ್ನಿನಲ್ಲಿರುತ್ತಾಳೆ. ಈ ಎರಡು ಆಟಗಳನ್ನು ನಾನು ಜೋಡಿಸಿ ನೋಡಿದ್ದು ನಾಲ್ಕನೇ ಓದಿನಲ್ಲಿ, ಅದೂ ರೈಲ್ವೆ ನೌಕರ! ಹೇಳಿಬಿಟ್ಟೆನಲ್ಲ, ನಿನ್ನ ಪಾಲಿನ ಸಂತೋಷ ಒಂದು ಕಡಿಮೆಯಾಯಿತು. ಇಂಥವು ಇನ್ನೂ ಇವೆ, ಅವನ್ನು ಹೇಳುವುದಿಲ್ಲ.

ನಿನ್ನ ಅಜ್ಜಿ ಇದನ್ನು ಓದಿದ್ದು ಕನ್ನಡದಲ್ಲಿ, ದೇಜಗೌ ಅವರ ಅನುವಾದ. ಬೇಸಿಗೆಯಲ್ಲಿ, ಹಪ್ಪಳಕ್ಕೆ ಕಾಗೆ ಕಾಯುತ್ತಾ. ಅವಳಿಗೆ ಅನ್ನಾ ಹಿಡಿಸಲೂ ಇಲ್ಲ, ಹಿಡಿಸದೇ ಇರಲೂ ಇಲ್ಲ. "ಪಾಪ, ಏನೋ ಆಯ್ತು" ಅಂದು ಮುಂದೆ ಹೋದಳು. ಅವಳು ನಿಂತದ್ದು ಡಾಲಿಯ ಬಳಿ. ಗಂಡನ ಹಾದರ, ಸಾಲ, ಮಕ್ಕಳ ಜ್ವರ, ಇವುಗಳ ಮಧ್ಯೆ ಒಂದು ದಿನ ಡಾಲಿ ಒಬ್ಬಳೇ ಗಾಡಿಯಲ್ಲಿ ಅನ್ನಾಳನ್ನು ನೋಡಲು ಹೋಗುತ್ತಾಳೆ. ಮದುವೆಯಾದ ಮೇಲೆ ಒಬ್ಬಳೇ ಕೂತು ಯೋಚಿಸಲು ಅವಳಿಗೆ ಸಿಕ್ಕಿದ್ದು ಅದೇ ದಾರಿ. ಬಸಿರು, ಬಾಣಂತನ, ತೀರಿಕೊಂಡ ಕೂಸಿನ ಸಣ್ಣ ಶವಪೆಟ್ಟಿಗೆ. ನಾನೂ ಅನ್ನಾಳ ಹಾಗೆ ಹೋಗಬಹುದಿತ್ತಲ್ಲ ಅಂತಲೂ ಅವಳು ಯೋಚಿಸುತ್ತಾಳೆ. ಅನ್ನಾಳ ಅರಮನೆಯಂಥ ಮನೆಯಲ್ಲಿ ತನ್ನ ತೇಪೆ ಹಾಕಿದ ಒಳಂಗಿಯನ್ನು ಅಲ್ಲಿನ ಆಳು ಹುಡುಗಿ ನೋಡಿದಾಗ ಅವಳಿಗೆ ನಾಚಿಕೆ. ಮನೆಯಲ್ಲಿ ಅದೇ ತೇಪೆ ಹೆಮ್ಮೆಯದಾಗಿತ್ತು: ಆರು ಅಂಗಿಗೆ ಇಪ್ಪತ್ತನಾಲ್ಕು ಅರ್ಶಿನ್ ಬಟ್ಟೆ, ಅರ್ಶಿನ್‌ಗೆ ಅರವತ್ತೈದು ಕೊಪೆಕ್, ಹದಿನೈದು ರೂಬಲ್‌ಗೂ ಮೇಲೆ ಉಳಿಯಿತು ಅಂತ.

ನಾನು ಇಂಗ್ಲಿಷ್ ಪ್ರತಿಯಿಂದ ಇದನ್ನು ಓದಿ ಹೇಳಿದಾಗ ಅಜ್ಜಿ "ಇರಿ, ಇರಿ" ಅಂದು ಪೆನ್ಸಿಲ್ ತೆಗೆದುಕೊಂಡಳು. ಕನ್ನಡ ಪ್ರತಿಯ ಅಂಚಿನಲ್ಲಿ ನೋಡು, ಇಡೀ ಪುಸ್ತಕದಲ್ಲಿ ಅವಳ ಕೈಬರಹ ಇರುವುದು ಅಲ್ಲೊಂದೇ ಕಡೆ. 24 ಗುಣಿಸು 65, ಹದಿನೈದು ರೂಬಲ್ ಅರವತ್ತು ಕೊಪೆಕ್. ಕೆಳಗೆ: "ಸರಿ ಇದೆ." ಆಮೇಲೆ ನನ್ನ ಕಡೆ ತಿರುಗಿ, "ಗಂಡಸಾಗಿ ಇದನ್ನೆಲ್ಲ ಹೇಗೆ ತಿಳ್ಕೊಂಡ ಇವ್ನು?" ಅಂದಳು. ನಾನು ಓದಿದ ಯಾವ ವಿಮರ್ಶೆಯಲ್ಲೂ ಟಾಲ್‌ಸ್ಟಾಯ್‌ಗೆ ಇಷ್ಟು ದೊಡ್ಡ ಮೆಚ್ಚುಗೆ ಸಿಕ್ಕಿಲ್ಲ.

ಹೇಗೆ ತಿಳಿದುಕೊಂಡ? ಈ ಕಾದಂಬರಿ ಬರೆಯುತ್ತಿದ್ದ ವರ್ಷಗಳಲ್ಲಿ ಅವನ ಮನೆಯಲ್ಲಿ ಮೂರು ಹಸುಗೂಸುಗಳು ಹೋದವು, 1873ರಲ್ಲಿ ಒಂದು, 1875ರಲ್ಲಿ ಎರಡು. ಅವನನ್ನು ಸಾಕಿದ ಹಿರಿಯಳೂ ನಡುವೆ ತೀರಿಕೊಂಡಳು. ಹೆಂಡತಿ ಸೋಫಿಯಾ ಹೆರುತ್ತಾ, ಮಣ್ಣು ಮಾಡುತ್ತಾ, ಇವನ ಗೀಚು ಅಕ್ಷರದ ಹಾಳೆಗಳನ್ನು ನಕಲು ಮಾಡಿಕೊಡುತ್ತಿದ್ದಳು. ಇವನಿಗೋ ಮಧ್ಯದಲ್ಲಿ ಬರೆಯುವುದೇ ಬೇಸರ ಬಂದು, ಈ ಕಾದಂಬರಿ ಸಾಕಾಗಿದೆ ಅಂತ ಸ್ನೇಹಿತರಿಗೆ ಕಾಗದ ಬರೆಯುತ್ತಿದ್ದ. ಡಾಲಿಯ ಗಾಡಿಯ ಪ್ರಯಾಣ ಓದುವಾಗ ನಾನು ಟಾಲ್‌ಸ್ಟಾಯ್‌ಗಿಂತ ಸೋಫಿಯಾಳನ್ನು ಹೆಚ್ಚು ನೆನೆಯುತ್ತೇನೆ. ಆ ಅಧ್ಯಾಯ ನಕಲು ಮಾಡುವಾಗ ಅವಳಿಗೆ ಏನನ್ನಿಸಿತೋ.

ಲೆವಿನ್‌ನ ಹೊಲದ ಬಗ್ಗೆ ಹೆಚ್ಚು ಹೇಳುವುದಿಲ್ಲ. ನಮ್ಮಪ್ಪ ತೀರಿಕೊಂಡ ವರ್ಷ ಜಮೀನು ನನ್ನ ತಲೆಗೆ ಬಿತ್ತು, ಆಗ ತಾನಾಗಿಯೇ ಅರ್ಥವಾಯಿತು. 42 ಜನ ಆಳುಗಳ ಸಾಲಿನಲ್ಲಿ ಒಬ್ಬನಾಗಿ ಅವನು ಹುಲ್ಲು ಕೊಯ್ಯುವ ಅಧ್ಯಾಯ ಇದೆ. ಅದನ್ನು ಮಾತ್ರ ಗಟ್ಟಿಯಾಗಿ ಓದು, ಉಸಿರು ಕುಡುಗೋಲಿನ ಲಯಕ್ಕೆ ಬರುತ್ತದೆ. ಮತ್ತೆ ಲಾಸ್ಕಾ ಅನ್ನುವ ನಾಯಿ ತನ್ನ ಮೂಗಿನಿಂದಲೇ ಯೋಚಿಸುವ ಬೇಟೆಯ ಪುಟಗಳು. ಕರೆನಿನ್‌ನನ್ನು ಬೇಗ ದ್ವೇಷಿಸಬೇಡ. ಹೆಂಡತಿ ಇನ್ನೊಬ್ಬನಿಗೆ ಹೆತ್ತ ಕೂಸಿನ ತೊಟ್ಟಿಲ ಪಕ್ಕ ಅವನು ಸುಮ್ಮನೆ ಕೂತು ನೋಡುವ ಹೊತ್ತೊಂದು ಇದೆ. ಅದು ಬಂದಾಗ ನನ್ನನ್ನು ನೆನೆಸಿಕೋ.

ಎಂಟನೇ ಭಾಗಕ್ಕೆ ಇಷ್ಟೊಂದು ಯಾಕೆ ಅಂಟಿಕೊಂಡಿದ್ದೇನೆ ಅನ್ನುತ್ತೀಯ. 1996ರಲ್ಲೋ 97ರಲ್ಲೋ, ಪಿಯುಸಿ ಫಲಿತಾಂಶ ಬಂದ ವಾರ. ರಾತ್ರಿ ಒಂದು ಗಂಟೆ. ಪ್ಲಾಟ್‌ಫಾರ್ಮಿನ ಕೊನೆಯಲ್ಲಿ, ದೀಪ ತಲುಪದ ಕಡೆ, ಒಬ್ಬ ಹುಡುಗ ಕಾಲು ಇಳಿಬಿಟ್ಟು ಕೂತಿದ್ದ. ಆ ಹೊತ್ತಿನಲ್ಲಿ ಹತ್ತುವ ಗಾಡಿ ಯಾವುದೂ ಇರಲಿಲ್ಲ. ನಿಲ್ಲದೆ ಹೋಗುವುದು ಒಂದಿತ್ತು. ಟಿಕೆಟ್ ಇದೆಯಾ ಅಂತ ಕೇಳಲಿಲ್ಲ. ಯಾರ ಮಗ ಅಂತಲೂ ಕೇಳಲಿಲ್ಲ. ಏನು ಹೇಳಬೇಕು ಅಂತ ನಿಜವಾಗಿ ನನಗೆ ಗೊತ್ತಿರಲಿಲ್ಲ. ಜೀವನ ದೊಡ್ಡದು ಕಣಪ್ಪ ಅಂತ ಶುರುಮಾಡಬಹುದಿತ್ತು, ಬಾಯಿಗೆ ಬರಲಿಲ್ಲ. "ಲೇ ತಮ್ಮ, ಪಾಯಿಂಟ್ಸ್‌ಮನ್ ಇವತ್ತು ಬಂದಿಲ್ಲ. ಗಾಡಿ ಬರ್ತಿದೆ. ಸ್ವಲ್ಪ ಈ ಲ್ಯಾಂಪ್ ಹಿಡ್ಕೊಂಡು ನನ್ನ ಜೊತೆ ಬಾ" ಅಂದೆ. ಪಾಯಿಂಟ್ಸ್‌ಮನ್ ಒಳಗೇ ಇದ್ದ.

ಹುಡುಗ ಎದ್ದು ಬಂದ. ಲ್ಯಾಂಪ್ ಅವನ ಕೈಗೆ ಕೊಟ್ಟು, ಇನ್ನೊಂದು ಕೈಯನ್ನು ನಾನು ಬಿಡಲಿಲ್ಲ. ಗಾಡಿ ಬಂತು, ದೀರ್ಘವಾದ ಗೂಡ್ಸ್, ಮುಗಿಯುವುದೇ ಇಲ್ಲ ಅನ್ನಿಸಿತು. ಗಾರ್ಡ್ ಹಸಿರು ದೀಪ ಆಡಿಸಿದ. ನಾನೂ ಹುಡುಗನ ಕೈ ಎತ್ತಿಸಿ ಆಡಿಸಿದೆ. ಕೊನೆಯ ಡಬ್ಬಿಯ ಕೆಂಪು ದೀಪ ತಿರುವಿನಲ್ಲಿ ಮರೆಯಾಯಿತು. ಕಪ್ಪೆಗಳು ಮತ್ತೆ ಶುರುಮಾಡಿದವು.

ಅವನು ಸ್ವಲ್ಪ ಹೊತ್ತು ಹಾಗೇ ನಿಂತಿದ್ದ. ಆಮೇಲೆ, "ಇದನ್ನ ಎಲ್ಲಿಡ್ಲಿ ಸಾರ್?" ಅಂತ ಕೇಳಿದ.

"ಒಳಗೆ, ಮೇಜಿನ ಮೇಲೆ" ಅಂದೆ.